ಕಣ್ಣಿನ ಫೋಟೊ ನೋಡಿ ಮನಸ್ಸಿಗೆ ಹಣೆಪಟ್ಟಿ ಹಚ್ಚಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು 31 ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಡಾಕ್ಟರಲ್ಲ. ಕನ್ನಡಕದ ನಂಬರ್ ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಪೊರೆ ಬಂದವರನ್ನು ಆಪರೇಷನ್ನಿಗೆ ಹೊರಡಿಸುವುದು, ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡುವುದು ನನ್ನ ಕೆಲಸವಾಗಿತ್ತು. ಊರಲ್ಲಿ ಈಗಲೂ ‘ಕಣ್ಣು ಮೇಡಂ’ ಅಂತಲೇ ಕರೆಯುತ್ತಾರೆ. ಹಾಗಾಗಿ ಕಣ್ಣಿನ ವಿಷಯದ ಯಾವ ಕಾಗದ ಇದ್ದರೂ ಅದು ಒಂದಲ್ಲ ಒಂದು ದಿನ ನಮ್ಮನೆ ಜಗಲಿಗೆ ಬಂದೇ ಬರುತ್ತದೆ.

ಹೋದ ತಿಂಗಳು ಬಂದ ಕಾಗದದ ಬಗ್ಗೆ ನಿಮಗೆ ಹೇಳಬೇಕು. ತಂದವರು ಹಿಂದಿನ ಬೀದಿಯ ಯಜಮಾನರು. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡೇ ಬಿಚ್ಚಿದರು. ಕಲ್ಯಾಣಮಂಟಪದಲ್ಲಿ ಯಾವುದೋ ಕಂಪನಿಯವರು ಉಚಿತ ಶಿಬಿರ ಮಾಡಿದ್ದರಂತೆ. ‘ಕಣ್ಣಿನ ಒಂದೇ ಫೋಟೊ, ಮೆದುಳಿನ ಪೂರ್ತಿ ಜಾತಕ’ ಅಂತ ಬ್ಯಾನರ್ ಬೇರೆ. ಇವರ ಮಗ, ಬಿಕಾಂ ಓದುವ ಹುಡುಗ, ಸುಮ್ನೆ ಗೆಳೆಯರ ಜೊತೆ ಹೋಗಿ ಗಲ್ಲ ಇಟ್ಟು ಕೂತಿದ್ದಾನೆ. ಹಾಳೆಯ ಮೇಲೆ ಅವನ ಎರಡೂ ಕಣ್ಣಿನ ಒಳಗಿನ ಚಿತ್ರ. ಅದರ ಕೆಳಗೆ ಹಳದಿ ಪಟ್ಟಿ. ಪಟ್ಟಿಯೊಳಗೆ ‘ಮಾನಸಿಕ ಕಾಯಿಲೆಯ ಅಪಾಯ: ಮಧ್ಯಮ’.

“ಮೇಡಂ, ಮಗಳಿಗೆ ಗಂಡು ನೋಡ್ತಾ ಇದೀವಿ. ಅವಳ ತಮ್ಮಂಗೆ ಹಿಂಗಿದೆ ಅಂತ ಗೊತ್ತಾದ್ರೆ ಏನು ಗತಿ?” ಅಂದರು.

ನಾನು ಚಿತ್ರ ನೋಡಿದೆ. ಕಣ್ಣಿನ ನರ ಒಳಗೆ ಸೇರುವ ಜಾಗ ಸ್ವಲ್ಪ ಓರೆಯಾಗಿತ್ತು. ಅದರ ಪಕ್ಕದಲ್ಲಿ ಬಿಳಿಚಿಕೊಂಡ ಅರ್ಧಚಂದ್ರ. ಕಣ್ಣಿನ ಒಳಗಿನ ಪರದೆ ತೆಳುವಾಗಿ, ಅದರ ಹಿಂದಿನ ರಕ್ತನಾಳಗಳು ಹುಲಿಪಟ್ಟೆಯ ಹಾಗೆ ಕಾಣುತ್ತಿದ್ದವು. “ಹುಡುಗನ ಕನ್ನಡಕದ ನಂಬರ್ ಎಷ್ಟು?” ಅಂತ ಕೇಳಿದೆ. ಮೈನಸ್ ಆರೂವರೆ ಅಂದರು. ಅಷ್ಟೇ ವಿಷಯ. ದೂರದ್ದು ಕಾಣದ ಕಣ್ಣು ಉದ್ದಕ್ಕೆ ಬೆಳೆದಿರುತ್ತದೆ, ಬಲೂನು ಊದಿದಾಗ ರಬ್ಬರ್ ತೆಳುವಾಗುವ ಹಾಗೆ ಅದರ ಪರದೆಯೂ ತೆಳುವಾಗುತ್ತದೆ. ಇಂಥ ನೂರಾರು ಕಣ್ಣು ನಾನು ನೋಡಿದ್ದೇನೆ. ಆ ಯಂತ್ರಕ್ಕೆ ಹುಡುಗನ ಕನ್ನಡಕದ ನಂಬರ್ ಯಾರೂ ಹೇಳಿರಲಿಲ್ಲ. ಹೇಳುವ ಜಾಗವೇ ಆ ಅರ್ಜಿಯಲ್ಲಿರಲಿಲ್ಲ.

ಸಾರ್, ಕಣ್ಣಿಗೂ ಮೆದುಳಿಗೂ ಸಂಬಂಧವೇ ಇಲ್ಲ ಅಂತ ವಾದ ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ. ಸಂಬಂಧ ಇದೆ, ಬಹಳ ಹತ್ತಿರದ್ದೇ ಇದೆ. ಪಠ್ಯಪುಸ್ತಕದಲ್ಲಿ ಅಕ್ಷಿಪಟಲ ಅನ್ನುವ, ನಾವು ಆಸ್ಪತ್ರೆಯಲ್ಲಿ ರೆಟಿನಾ ಅಥವಾ ನರದ ಪರದೆ ಅನ್ನುವ ಆ ತೆಳು ಪದರ ನಿಜವಾಗಿ ಮೆದುಳಿನದೇ ತುಂಡು. ಮಗು ತಾಯಿಯ ಹೊಟ್ಟೆಯಲ್ಲಿ ನಾಲ್ಕನೇ ವಾರದಲ್ಲಿರುವಾಗ, ಮುಂದೆ ಮೆದುಳಾಗುವ ಭಾಗದಿಂದ ಎರಡು ಕಡೆ ಎರಡು ಮೊಗ್ಗು ಹೊರಗೆ ಚಾಚುತ್ತವೆ. ಅವೇ ಮುಂದೆ ರೆಟಿನಾ ಆಗುತ್ತವೆ. ಅಲ್ಲಿಂದ ಸುಮಾರು 10ರಿಂದ 12 ಲಕ್ಷ ನರದ ಎಳೆಗಳು ಒಂದು ಕಟ್ಟಾಗಿ ಮೆದುಳಿಗೆ ವಾಪಸ್ ಹೋಗುತ್ತವೆ. ದೇಹದಲ್ಲಿ ಬೇರೆಲ್ಲೂ ಚರ್ಮ ಕೊಯ್ಯದೆ, ಮೂಳೆ ಕೊರೆಯದೆ, ಮೆದುಳಿನ ತುಂಡೊಂದನ್ನು, ಅದರೊಳಗೆ ಹರಿಯುವ ರಕ್ತನಾಳಗಳ ಸಮೇತ, ಹಸಿಯಾಗಿ ಕಣ್ಣಾರೆ ನೋಡಲು ಆಗುವುದಿಲ್ಲ. ಹಳೆಯ ತೊಟ್ಟಿಮನೆಯ ಚಾವಣಿಯಲ್ಲಿ ಬೆಳಕಿಂಡಿ ಇರುತ್ತದಲ್ಲ, ಹಾಗೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೋಸ್ಕೋಪ್ ಅನ್ನುವ ಪುಟ್ಟ ಉಪಕರಣದ ಬಗ್ಗೆ ಬರೆದ. ಅದಕ್ಕಿಂತ ಮೊದಲು ವೈದ್ಯರಿಗೆ ಕಣ್ಣಪಾಪೆ ಅಂದರೆ ಬರೀ ಕಪ್ಪು ತೂತು. 1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓಸಿಟಿ ಅನ್ನುವ ಸ್ಕ್ಯಾನ್ ಬಂತು. ಅದು ಬೆಳಕನ್ನೇ ಬಳಸಿ ರೆಟಿನಾವನ್ನು ಪದರ ಪದರವಾಗಿ, ಕೆಲವೇ ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪೂರ್ತಿ ರೆಟಿನಾದ ದಪ್ಪವೇ ಸುಮಾರು ಕಾಲು ಮಿಲಿಮೀಟರ್.

ಈ ಬೆಳಕಿಂಡಿಯಿಂದ ಮೆದುಳಿನ ಸುದ್ದಿ ಖಚಿತವಾಗಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಒಂದು ಹೆಣ್ಣುಮಗಳು, ಮದುವೆಯಾಗಿ ಎಂಟು ತಿಂಗಳು. ಬೆಳಗ್ಗೆ ಎದ್ದರೆ ತಲೆಸಿಡಿತ, ವಾಂತಿ. ಬಗ್ಗಿದರೆ ಕಣ್ಣು ಕತ್ತಲೆ. ಅತ್ತೆ ಮನೆಯವರು ನಾಟಕ ಅಂದರು, ತವರಿನವರು ಗಾಳಿ ಸೋಕಿದೆ ಅಂದರು. ಮೂರು ಕಡೆ ತಾಯತ ಕಟ್ಟಿಸಿಕೊಂಡು ಕೊನೆಗೆ ಕನ್ನಡಕಕ್ಕೆ ಅಂತ ನನ್ನ ಹತ್ತಿರ ಬಂದಳು. ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ಪಾಪೆ ಹಿಗ್ಗಿದ ಮೇಲೆ ಬೆಳಕು ಬಿಟ್ಟು ನೋಡಿದೆ. ನರದ ತುದಿ ಉಬ್ಬಿತ್ತು. ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಮಳೆಯಲ್ಲಿ ನೆನೆದ ರಂಗೋಲಿ ಚುಕ್ಕಿಯ ಹಾಗೆ. ಎರಡೂ ಕಣ್ಣಲ್ಲಿ ಹೀಗೆ ಕಂಡರೆ ತಲೆಬುರುಡೆಯ ಒಳಗೆ ಒತ್ತಡ ಏರಿದೆ ಅಂತಲೇ ಮೊದಲು ಯೋಚಿಸಬೇಕು. ಅವತ್ತೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಿದೆವು. ಗಡ್ಡೆ ಇತ್ತು, ತೆಗೆದರು. ಅವಳಿಗೆ ಈಗ ಇಬ್ಬರು ಮಕ್ಕಳು.

ವಿಲ್ಸನ್ ಕಾಯಿಲೆಯದೂ ಹೀಗೇ. ಅದು ಕಾಣುವುದು ರೆಟಿನಾದಲ್ಲಲ್ಲ, ಕಣ್ಣಿನ ಮುಂದಿನ ಕಾರ್ನಿಯಾದ ಅಂಚಿನಲ್ಲಿ. ಆದರೂ ಇಲ್ಲಿ ಹೇಳಬೇಕಾದ ಮಾತು. ದೇಹದಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ ಅದು. ಓದುವ ಹುಡುಗ ಇದ್ದಕ್ಕಿದ್ದಂತೆ ಸಿಡುಕುತ್ತಾನೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕೆಲವರು ಪೂರ್ತಿ ಬೇರೆ ಮನುಷ್ಯರೇ ಆಗಿಬಿಡುತ್ತಾರೆ. ಮನೆಯವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸ್ಲಿಟ್ ಲ್ಯಾಂಪ್ ಅನ್ನುವ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಗುಡ್ಡೆಯ ಸುತ್ತ ಹಸಿರು ಮಿಶ್ರಿತ ಕಂದು ಉಂಗುರ. ಬೇಗ ಗೊತ್ತಾದರೆ ಔಷಧಿ ಇದೆ. ನಮ್ಮ ನಿಮ್ಹಾನ್ಸ್ ವೈದ್ಯರು 3 ದಶಕಗಳಲ್ಲಿ ತಾವು ನೋಡಿದ 282 ಮಂದಿ ವಿಲ್ಸನ್ ರೋಗಿಗಳ ಬಗ್ಗೆ 2007ರಲ್ಲಿ ಬರೆದಿದ್ದಾರೆ. ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಹುಟ್ಟುವ ಕಾಯಿಲೆ ಇದು. ಸೋದರಮಾವನಿಗೆ ಕೊಡುವ ನಮ್ಮ ಕಡೆಯ ಪದ್ಧತಿ ನೆನೆದರೆ ಸ್ವಲ್ಪ ಹುಷಾರಾಗಿರಬೇಕು, ಅಲ್ವಾ?

ಇವೆಲ್ಲ ಗಟ್ಟಿ ನೆಲದ ಮಾತು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ), ಖಿನ್ನತೆ ಅಂತ ಬಂದಾಗ ನೆಲ ಮೆತ್ತಗಾಗುತ್ತದೆ. ಕಂಪನಿಯವರು ಓಡಾಡುತ್ತಿರುವುದು ಈ ಮೆತ್ತನೆ ನೆಲದ ಮೇಲೆ.

ಸಂಶೋಧನೆ ನಡೆದಿಲ್ಲ ಅಂತಲ್ಲ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಅವರಿಗೆ 38 ವರ್ಷವಾದಾಗ ಕಣ್ಣಿನ ಫೋಟೊ ತೆಗೆದರು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ರೆಟಿನಾದ ಸಣ್ಣ ಅಭಿಧಮನಿಗಳು, ಅಂದರೆ ರಕ್ತ ವಾಪಸ್ ಒಯ್ಯುವ ನಾಳಗಳು, ಉಳಿದವರಿಗಿಂತ ಅಗಲವಾಗಿದ್ದವು. ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್, ಬಿಎಂಎಸ್ ಎಂಜಿನಿಯರಿಂಗ್ ಕಾಲೇಜು ಮತ್ತು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಕೆಲಸ 2019ರಲ್ಲಿ ಹೊರಬಂತು. ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಇದ್ದವರಲ್ಲಿ ಅಭಿಧಮನಿ ಅಗಲ, ರಕ್ತ ತರುವ ಅಪಧಮನಿ ಕಿರಿದು ಅಂತ ಅವರಿಗೂ ಕಂಡಿತು. ಓಸಿಟಿಯಲ್ಲಿ ಅಳೆದವರು ನರದ ಎಳೆಗಳ ಪದರ ತೆಳುವಾಗಿದೆ ಅನ್ನುತ್ತಾರೆ. ಇವೆಲ್ಲ ಒಳ್ಳೆಯ ಕೆಲಸ. ಅದರಲ್ಲಿ ನಮ್ಮ ರಾಜ್ಯದವರ ಕೆಲಸವೂ ಇದೆ ಅಂತ ನನಗೆ ಹೆಮ್ಮೆಯೂ ಇದೆ.

ನನಗೆ ಬಹಳ ಇಷ್ಟವಾದದ್ದು ಜರ್ಮನಿಯ ಫ್ರೈಬುರ್ಗ್‌ನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಖಿನ್ನತೆ ಇದ್ದವರಿಗೆ ಕಪ್ಪು ಬಿಳುಪು ಚೌಕಗಳ ಚಿತ್ರ ತೋರಿಸಿ, ಅವರ ರೆಟಿನಾದಲ್ಲಿ ಹುಟ್ಟುವ ವಿದ್ಯುತ್ ಸಂಕೇತವನ್ನು ಅಳೆದರು. ಕಪ್ಪು ಬಿಳುಪಿನ ನಡುವಿನ ವ್ಯತ್ಯಾಸಕ್ಕೆ ಅವರ ಕಣ್ಣು ಉಳಿದವರ ಕಣ್ಣಿನಷ್ಟು ಜೋರಾಗಿ ಪ್ರತಿಕ್ರಿಯಿಸಲಿಲ್ಲ. ಮನಸ್ಸು ಮಂಕಾದವರಿಗೆ ಲೋಕವೂ ಮಂಕಾಗಿ ಕಾಣಬಹುದು ಅಂತ ಅರ್ಥ. ನಮ್ಮ ಭಾಷೆ ನೋಡಿ, ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ. ಬೆಳಕೂ ಮಂಕು, ಮನಸ್ಸಿಗೂ ಮಂಕು.

ಆದರೆ ಇವುಗಳಲ್ಲಿ ಯಾವುದೂ ಒಬ್ಬ ಮನುಷ್ಯನ ಕಣ್ಣು ನೋಡಿ ‘ಇವನಿಗೆ ಈ ಕಾಯಿಲೆ’ ಅಂತ ಹೇಳುವ ಮಟ್ಟಕ್ಕೆ ಬಂದಿಲ್ಲ. ಇವೆಲ್ಲ ಗುಂಪಿನ ಸರಾಸರಿಯ ಮಾತು. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಹಾಗಂತ ಐದಡಿ ಐದು ಅಂಗುಲ ಅಂತ ಅಳತೆ ಮಾತ್ರ ಹೇಳಿ, ಗಂಡೋ ಹೆಣ್ಣೋ ಹೇಳಿ ಅಂದರೆ ಆಗುತ್ತದಾ? ನರದ ಪದರದ ವ್ಯತ್ಯಾಸ ಕೆಲವೇ ಮೈಕ್ರಾನಿನದ್ದು. ಆ ಪದರವನ್ನು ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ ಕಾಯಿಲೆ ತೆಳು ಮಾಡುತ್ತದೆ, ವಯಸ್ಸು ತೆಳು ಮಾಡುತ್ತದೆ, ಆ ಬಿಕಾಂ ಹುಡುಗನ ಮೈನಸ್ ನಂಬರೂ ತೆಳು ಮಾಡುತ್ತದೆ. ರಕ್ತನಾಳದ ಅಗಲವನ್ನು ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಎಲ್ಲವೂ ಬದಲಿಸುತ್ತವೆ. ಮಾನಸಿಕ ಕಾಯಿಲೆ ಇರುವವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ, ಬೀಡಿ ಸಿಗರೇಟು ಸೇದುವುದೂ ಜಾಸ್ತಿ. ಹಾಗಿದ್ದರೆ ಕಂಡ ವ್ಯತ್ಯಾಸ ಕಾಯಿಲೆಯದೋ, ಬೀಡಿಯದೋ? ಸಂಶೋಧಕರು ಇದನ್ನೆಲ್ಲ ಲೆಕ್ಕ ಹಾಕಿ, ತಲೆ ಕೆಡಿಸಿಕೊಂಡು ಬರೆಯುತ್ತಾರೆ. ಕಲ್ಯಾಣಮಂಟಪದ ಹಳದಿ ಪಟ್ಟಿಗೆ ಆ ತಲೆನೋವಿಲ್ಲ.

ಇನ್ನೂ ಒಂದು ಲೆಕ್ಕ ಇದೆ. ಇದನ್ನು ನಿಮ್ಮ ಅಧಿಕಾರಿಗಳು ದಯವಿಟ್ಟು ಪೆನ್ನು ಹಿಡಿದು ಮಾಡಿ ನೋಡಲಿ. ಒಂದು ಯಂತ್ರ ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತದೆ ಅಂತಲೇ ಇಟ್ಟುಕೊಳ್ಳೋಣ. ಇಂಥ ಯಂತ್ರ ಇದೆ ಅಂತಲ್ಲ, ಮಾತಿಗೆ. ಸ್ಕಿಜೋಫ್ರೇನಿಯಾ ನೂರಕ್ಕೆ ಒಬ್ಬರಿಗೆ ಇದೆ ಅಂತ ಕೈ ಸಡಿಲ ಬಿಟ್ಟೇ ಹಿಡಿಯೋಣ. ಸಾವಿರ ಮಂದಿಯ ಫೋಟೊ ತೆಗೆದರೆ ಅವರಲ್ಲಿ ಕಾಯಿಲೆಯವರು 10. ಯಂತ್ರ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಮಂದಿಗೆ ಏನೂ ಆಗಿಲ್ಲ. ಆದರೆ ನೂರಕ್ಕೆ ಹತ್ತು ತಪ್ಪು ಅಂದರೆ ಅವರಲ್ಲಿ 99 ಮಂದಿಗೂ ಚೀಟಿ ಹೋಗುತ್ತದೆ. ಒಟ್ಟು 108 ಚೀಟಿ, ಅದರಲ್ಲಿ 99 ಸುಳ್ಳು. 2 ಲಕ್ಷ ಜನ ಇರುವ ಒಂದು ತಾಲ್ಲೂಕಿನಲ್ಲಿ ಇದನ್ನು ಮನೆಮನೆಗೆ ಮಾಡಿದರೆ 19,800 ಮಂದಿಗೆ ಇಲ್ಲದ ಕಾಯಿಲೆಯ ಕಾಗದ ಸಿಗುತ್ತದೆ. ಅಷ್ಟು ಮನೆಗಳಲ್ಲಿ ಒಂದೊಂದು ಹಾಳೆ ನಾಲ್ಕು ಮಡಿಕೆಯಾಗಿ ಯಾರದೋ ಜೇಬಿನಲ್ಲಿ ಓಡಾಡುತ್ತದೆ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂತ ನಿರ್ಧರಿಸುವುದು ದೇಶದಲ್ಲೋ ಜಗತ್ತಿನಲ್ಲೋ ಒಪ್ಪಿತವಾದ ವೈದ್ಯಕೀಯ ಮಾನದಂಡದ ಪ್ರಕಾರವೇ ಆಗಬೇಕು ಅನ್ನುತ್ತದೆ. ಕಣ್ಣಿನ ಫೋಟೊ ಅಂಥ ಯಾವ ಮಾನದಂಡದಲ್ಲೂ ಇಲ್ಲ. ಅದೇ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯ ಗುಟ್ಟು ಕಾಯುವ ಹಕ್ಕನ್ನು ಕೊಡುತ್ತದೆ. ಶಿಬಿರದಲ್ಲಿ ಹುಡುಗನ ಹೆಸರು ಮೈಕಿನಲ್ಲಿ ಕೂಗಿ ಹಾಳೆ ಕೊಟ್ಟರಂತೆ.

ಈಗ ನನ್ನ ಮನೆಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ.

ನನ್ನ ತಮ್ಮನಿಗೆ 22ನೇ ವಯಸ್ಸಿನಿಂದ ಸ್ಕಿಜೋಫ್ರೇನಿಯಾ ಇದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಮಾತ್ರೆ ತಪ್ಪಿಸಿಲ್ಲ. ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ತೋಟಕ್ಕೆ ಹೋಗಿ ಬರುವಷ್ಟು ಸುಧಾರಿಸಿದ. ಜೊತೆಗೆ ಮೈ ಬಂತು, ಇಪ್ಪತ್ತು ಕೆಜಿ. ಓಲಾಂಜಪಿನ್‌ನಂಥ ಮಾತ್ರೆಗಳಿಂದ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರಬಹುದು. ನನಗೂ ಗೊತ್ತಿದ್ದ ವಿಷಯವೇ.

ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, “ಅಕ್ಕಾ, ಗೋಡೆ ಮೇಲೆ ಕಪ್ಪು ದಾರ ಇಳೀತಾ ಇದೆ” ಅಂದ. ನನ್ನ ಎದೆ ಧಸಕ್ಕೆಂದಿತು. ಕಾಯಿಲೆ ಮತ್ತೆ ತಿರುಗಿ ಬಂತು ಅಂದುಕೊಂಡೆ. “ಅಲ್ಲೇನೂ ಇಲ್ಲ ಮರಿ, ಮಾತ್ರೆ ತಗೊಂಡ್ಯಾ?” ಅಂದೆ. ಮರುದಿನವೂ ಅದೇ ಮಾತು. “ನಾನು ಎತ್ತ ನೋಡಿದ್ರೂ ಅತ್ತ ಬರ್ತದೆ” ಅಂದ. ಮನೋವೈದ್ಯರಿಗೆ ಫೋನ್ ಮಾಡಿ, ಇಲ್ಲದ್ದು ಕಾಣುತ್ತಿದೆಯಂತೆ ಸಾರ್ ಅಂತ ಹೇಳಿದವಳು ನಾನೇ. ಅವರು ನನ್ನ ಮಾತು ನಂಬಿ ಡೋಸ್ ಏರಿಸಿದರು. ಅವರದೇನೂ ತಪ್ಪಿಲ್ಲ. ಕಣ್ಣಿನ ಕೆಲಸದವಳೇ ಹೀಗೆ ಹೇಳಿದರೆ ಇನ್ನೇನು ಮಾಡಿಯಾರು?

ಆರು ವಾರ ಹೀಗೇ ಹೋಯಿತು. ಅವನು ಹಗಲೆಲ್ಲ ಮಲಗತೊಡಗಿದ. ಕಡೆಗೊಂದು ದಿನ ಸಿಟ್ಟಿನಲ್ಲಿ, “ಬಲಗಣ್ಣು ಮುಚ್ಚಿದ್ರೆ ಇರಲ್ಲ, ತೆಗೆದ್ರೆ ಬರ್ತದೆ, ನಿಂಗೆ ಅಷ್ಟೂ ಅರ್ಥ ಆಗಲ್ವಾ?” ಅಂತ ಕಿರುಚಿದ.

ಅರ್ಥವಾಯಿತು. ಮನಸ್ಸು ಹುಟ್ಟಿಸಿದ ಚಿತ್ರ ಒಂದು ಕಣ್ಣು ಮುಚ್ಚಿದ ಮಾತ್ರಕ್ಕೆ ಹೀಗೆ ಹೋಗಿ ಬಂದು ಮಾಡುವುದಿಲ್ಲ. ಕಣ್ಣು ತಿರುಗಿದತ್ತ ತೇಲಿ ಬರುವ ಕಪ್ಪು ದಾರ ಅಂದರೆ ಕಣ್ಣಿನೊಳಗಿನ ಲೋಳೆಯಲ್ಲಿ ರಕ್ತ ಇರಬಹುದು. ಮೊದಲ ವರ್ಷದ ಕಣ್ಣಿನ ಪಾಠ ಅದು. ಅವನನ್ನು ಕರೆದುಕೊಂಡು ಹೋಗಿ ಡ್ರಾಪ್ಸ್ ಹಾಕಿದೆ. ಬಲಗಣ್ಣಲ್ಲಿ ಏನೂ ಕಾಣಲಿಲ್ಲ, ಬರೀ ಕೆಂಪು ಮಬ್ಬು. ಎಡಗಣ್ಣಿನ ಪರದೆಯ ತುಂಬ ರಕ್ತದ ಚುಕ್ಕಿ, ನರದ ಬಾಯಿಯ ಮೇಲೆ ಜೊಂಡಿನ ಬೇರಿನ ಹಾಗೆ ಹೊಸ ರಕ್ತನಾಳಗಳು. ಶುಗರ್ ನೋಡಿದರೆ 342. ಎಷ್ಟು ವರ್ಷದಿಂದ ಇತ್ತೋ. ದೊಡ್ಡಾಸ್ಪತ್ರೆಯಲ್ಲಿ ಲೇಸರ್ ಮಾಡಿ ಎಡಗಣ್ಣು ಉಳಿಸಿದರು. ಬಲಗಣ್ಣಿಗೆ ಆಪರೇಷನ್ ಆಯಿತು, ಆದರೂ ಈಗ ಆ ಕಣ್ಣಿಗೆ ಎದುರಿಗಿರುವವರ ಕೈ ಅಲ್ಲಾಡುವುದಷ್ಟೇ ಗೊತ್ತಾಗುತ್ತದೆ.

ಅವನು ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದದ್ದು ನಾನಿದ್ದ ಆಸ್ಪತ್ರೆಗೇ. ಮಂಗಳವಾರದ ಮನೋಚೈತನ್ಯ ದಿನ, ಅಂದರೆ ಮನೋವೈದ್ಯರು ರೋಗಿಗಳನ್ನು ನೋಡುವ ದಿನ, ಸಾಲಿನಲ್ಲಿ ಕೂರುತ್ತಿದ್ದ. ಆ ಸಾಲಿನಿಂದ ನನ್ನ ಕೋಣೆಗೆ ಮೂರು ಬಾಗಿಲು. ಊರವರ ಕಣ್ಣೆಲ್ಲ ನೋಡಿದ ನಾನು ಅವನದ್ದು ಒಂದು ಸಲವೂ ನೋಡಿರಲಿಲ್ಲ. ಮನಸ್ಸಿನ ಕಾಯಿಲೆ ಅಂತ ಒಮ್ಮೆ ಹೆಸರು ಬಿದ್ದ ಮೇಲೆ ಅವನು ಏನು ಹೇಳಿದರೂ ನಮಗೆ ಅದೇ ಕಾಯಿಲೆ ಮಾತಾಡಿದ ಹಾಗೆ ಕೇಳುತ್ತಿತ್ತು.

ಆದ್ದರಿಂದ ಸಾರ್, ನನ್ನ ಕೋರಿಕೆ ಇಷ್ಟು. ಕ್ಯಾಮೆರಾವನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿ. ಕಾಯಿಲೆ ಇಲ್ಲದವರ ಕಣ್ಣಲ್ಲಿ ಕಾಯಿಲೆ ಹುಡುಕುವುದು ಬೇಡ. ಕಾಯಿಲೆ ಇದ್ದು ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರ ಕಣ್ಣು ನೋಡಿಸಿ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಮಂಗಳವಾರದ ಸಾಲು ಇದೆ. ಸಕ್ಕರೆ ಕಾಯಿಲೆಯವರಿಗೆ ಅಂತ ಫಂಡಸ್ ಕ್ಯಾಮೆರಾ, ಅಂದರೆ ಕಣ್ಣಿನ ಪರದೆಯ ಫೋಟೊ ತೆಗೆಯುವ ಕ್ಯಾಮೆರಾ, ಕೊಟ್ಟಿರುವ ಆಸ್ಪತ್ರೆಗಳಿವೆ. ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ನೋಡಿದ ಅನುಭವ ನಿಮ್ಮ ಇಲಾಖೆಗಿದೆ. ಮಾನಸಿಕ ಕಾಯಿಲೆಗೆ ದೀರ್ಘಕಾಲ ಮಾತ್ರೆ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ರಕ್ತದ ಸಕ್ಕರೆ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಫೋಟೊ ಅಂತ ಒಂದು ಸುತ್ತೋಲೆ ಸಾಕು. ಸಕ್ಕರೆ ಒಂದೇ ಅಲ್ಲ. ಥಿಯೋರಿಡಜಿನ್ ಅನ್ನುವ ಹಳೆಯ ಮಾತ್ರೆ ಜಾಸ್ತಿ ಡೋಸಿನಲ್ಲಿ ರೆಟಿನಾವನ್ನೇ ಹಾಳು ಮಾಡುತ್ತಿತ್ತು. ಕ್ಲೋರ್‌ಪ್ರೊಮಜಿನ್ ಬಹಳ ವರ್ಷ ತೆಗೆದುಕೊಂಡರೆ ಕಾರ್ನಿಯಾ, ಲೆನ್ಸಿನ ಮೇಲೆ ಕಣ ಕೂರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳಿಂದ ಪಾಪೆ ಹಿಗ್ಗಿ, ಒಳಗಿನ ನೀರು ಹೊರಹೋಗುವ ದಾರಿ ಮೊದಲೇ ಇಕ್ಕಟ್ಟಾಗಿರುವ ಕಣ್ಣಿನಲ್ಲಿ ಒತ್ತಡ ಏಕಾಏಕಿ ಏರಬಹುದು. (ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದವರ ಗತಿಯನ್ನೂ ನೋಡಿದ್ದೇನೆ. ಕಣ್ಣು ತೋರಿಸಿ, ಡಾಕ್ಟರ ಹತ್ತಿರ ಮಾತಾಡಿ.)

ಹಳ್ಳಿಗಾಡಿನಲ್ಲಿ ರೆಟಿನಾ ತಜ್ಞರು ಎಲ್ಲಿದ್ದಾರೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಉತ್ತರ ನಮ್ಮ ರಾಜ್ಯದಲ್ಲೇ ಇದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕಣ್ಣು ಉಳಿಸಲು 2008ರಲ್ಲಿ ನಾರಾಯಣ ನೇತ್ರಾಲಯದವರು ಕಿಡ್ರಾಪ್ ಅನ್ನುವ ಕೆಲಸ ಶುರು ಮಾಡಿದರು. ತರಬೇತಿ ಕೊಟ್ಟ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅಂಗೈಯಗಲದ ಕೂಸಿನ ರೆಟಿನಾದ ಫೋಟೊ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ತಜ್ಞರು ನೋಡುತ್ತಾರೆ. ಕೂಸು ಅಳುತ್ತದೆ, ಒದೆಯುತ್ತದೆ. ಆದರೂ ಆಗಿದೆ. ಮಂಗಳವಾರದ ಸಾಲಿನಲ್ಲಿ ಸುಮ್ಮನೆ ಕೂತಿರುವ ದೊಡ್ಡವರ ಫೋಟೊ ತೆಗೆಯುವುದು ಅದಕ್ಕಿಂತ ಕಷ್ಟವೇನಲ್ಲ.

ಹೀಗೆ ತೆಗೆದ ಚಿತ್ರಗಳಿಂದಲೇ ಮುಂದೆ ನಿಜವಾದ ಸಂಶೋಧನೆಯೂ ಹುಟ್ಟಬಹುದು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯವರು 16 ಲಕ್ಷ ರೆಟಿನಾ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, ಕಣ್ಣಿನ ಚಿತ್ರದಿಂದ ಕಾಯಿಲೆ ಗುರುತಿಸಲು ಅದಕ್ಕೆ ಕಲಿಸಿದ ಕೆಲಸ 2023ರಲ್ಲಿ ಬಂತು. ಆ ಚಿತ್ರಗಳು ಹೆಚ್ಚಾಗಿ ಅಲ್ಲಿಯ ಆಸ್ಪತ್ರೆಗೆ ಬಂದವರದ್ದು. ನಮ್ಮವರ ಕಣ್ಣಿನ ಬಣ್ಣ ಬೇರೆ, ಸಕ್ಕರೆ ಕಾಯಿಲೆ ಬರುವ ವಯಸ್ಸು ಬೇರೆ, ಅಡಿಕೆ ತಂಬಾಕಿನ ಚಟ ಬೇರೆ. ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ನಿಮ್ಮ ಕೈಯಲ್ಲೇ ಇದೆ. ಅಲ್ಲಿಗೆ ಬರುವವರಲ್ಲಿ ಒಪ್ಪಿದವರ ಕಣ್ಣಿನ ಚಿತ್ರವನ್ನೂ ಕಡತಕ್ಕೆ ಸೇರಿಸಿ, ಕನ್ನಡಕದ ನಂಬರ್, ಸಕ್ಕರೆ, ಬಿಪಿ, ಬೀಡಿ ಎಲ್ಲ ಬರೆದಿಟ್ಟು, ಹತ್ತು ವರ್ಷ ತಾಳ್ಮೆಯಿಂದ ನೋಡಲಿ. ಒಪ್ಪಿಗೆ ಪತ್ರ ಮಾತ್ರ ನಮ್ಮ ಜನ ಮಾತಾಡುವ ಕನ್ನಡದಲ್ಲಿರಲಿ. ‘ಸದರಿ ದತ್ತಾಂಶದ ಅನಾಮಿಕೀಕರಣ’ ಅಂತ ಬರೆದರೆ ಹೆಬ್ಬೆಟ್ಟು ಸಿಗುತ್ತದೆ, ಒಪ್ಪಿಗೆ ಸಿಗುವುದಿಲ್ಲ. ‘ನಿಮ್ಮ ಕಣ್ಣಿನ ಫೋಟೊ ನಾವು ಇಟ್ಟುಕೊಳ್ಳುತ್ತೇವೆ, ಹೆಸರು ಇಟ್ಟುಕೊಳ್ಳುವುದಿಲ್ಲ, ಬೇಡ ಅಂದರೂ ನಿಮ್ಮ ಮಾತ್ರೆ ನಿಲ್ಲುವುದಿಲ್ಲ’ ಅಂತ ಬರೆಯಲು ಎಷ್ಟು ಹೊತ್ತು?

ಕಲ್ಯಾಣಮಂಟಪದ ಶಿಬಿರಗಳ ಮಾತಿಗೆ ಬಂದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ನಿಮ್ಮದೇ ಪ್ರಾಧಿಕಾರ ಇದೆ. ಮನೋವೈದ್ಯರಿಲ್ಲದೆ ಮಾನಸಿಕ ಕಾಯಿಲೆಯ ಚೀಟಿ ಹಂಚುವಂತಿಲ್ಲ ಅಂತ ಒಂದು ಆದೇಶ ಹೊರಡಿಸಿ. ಕಣ್ಣಿನ ಪೊರೆ, ಒತ್ತಡ, ಸಕ್ಕರೆಯಿಂದ ಆದ ಹಾನಿ, ಇವನ್ನು ನೋಡುವ ಶಿಬಿರಗಳು ಧಾರಾಳವಾಗಿ ನಡೆಯಲಿ. ಆ ಬಿಕಾಂ ಹುಡುಗ ಈಗ ಹೇಗಿದ್ದಾನೆ ಅಂತ ಹೇಳಿಬಿಡುತ್ತೇನೆ. ಅವನಿಗೆ ಬೇಕಿದ್ದದ್ದು ಹೊಸ ಕನ್ನಡಕ. ಹಳೆಯದರಲ್ಲಿ ಮುಕ್ಕಾಲು ನಂಬರ್ ಕಡಿಮೆ ಇತ್ತು. ಮೈನಸ್ ಜಾಸ್ತಿ ಇರುವವರಿಗೆ ಪರದೆ ಹರಿಯುವ ಭಯ ಇರುತ್ತದೆ, ಕಣ್ಣ ಮುಂದೆ ಮಿಂಚು ಹೊಡೆದರೆ ಅವತ್ತೇ ಬಾ ಅಂತ ಹೇಳಿ ಕಳಿಸಿದ್ದೇನೆ. ಆ ಹಾಳೆಯಲ್ಲಿ ಇದೊಂದು ಮಾತು ಬರೆದಿದ್ದರೆ ಶಿಬಿರ ಸಾರ್ಥಕವಾಗುತ್ತಿತ್ತು.

ನಾನು ಕೆಲಸ ಮಾಡಿದ ಆಸ್ಪತ್ರೆಯ ಕ್ಯಾಮೆರಾ ಮೇಲೆ ಹಳೆಯ ಹಸಿರು ಬಟ್ಟೆ ಹೊದಿಸಿದೆ. ಹೋದ ವಾರ ಹೋಗಿ ನೋಡಿ ಬಂದೆ. ಯಂತ್ರ ಚೆನ್ನಾಗಿದೆ, ಗಲ್ಲ ಇಡುವ ಜಾಗಕ್ಕೆ ಹಾಕುವ ಕಾಗದ ಮುಗಿದಿದೆ, ಅಷ್ಟೇ. ನೀವು ಆದೇಶ ಕೊಟ್ಟರೆ ಮಂಗಳವಾರಗಳಂದು ನಾನು ಸಂಬಳ ಇಲ್ಲದೆ ಬಂದು ಕೂರಲು ತಯಾರಿದ್ದೇನೆ. ನನ್ನ ಹಾಗೆ ನಿವೃತ್ತರಾದವರು ಬೇರೆ ತಾಲ್ಲೂಕುಗಳಲ್ಲೂ ಸಿಗುತ್ತಾರೆ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ತಮ್ಮನಿಗೆ ಓದಲು ಕೊಟ್ಟೆ. ಅವನ ವಿಷಯ ಬರೆದಿದ್ದೇನೆ, ಅವನು ಬೇಡ ಅಂದರೆ ಹರಿದು ಹಾಕಬೇಕು ಅಂದುಕೊಂಡಿದ್ದೆ. ಎಡಗಣ್ಣಿನ ಹತ್ತಿರ ಹಿಡಿದು, ಜಗಲಿಯ ಬಿಸಿಲಿನಲ್ಲಿ ಕೂತು, ಒಂದು ಗಂಟೆ ಓದಿದ. ಕಳಿಸು ಅಂದ. ಆಮೇಲೆ ಒಂದು ಕಡೆ ಬೆರಳಿಟ್ಟು, “ನಾನು ದಾರ ಅಂತ ಹೇಳಿದ್ದು ಮೊದಲನೇ ದಿನ ಮಾತ್ರ. ಆಮೇಲೆಲ್ಲ ಜೇಡರ ಬಲೆ ಅಂತಲೇ ಹೇಳ್ತಿದ್ದೆ. ಅದನ್ನೂ ಹಾಕು” ಅಂದ. ಹಾಕಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ನೇತ್ರಾಧಿಕಾರಿ, ತಾಲ್ಲೂಕು ಆಸ್ಪತ್ರೆ